ಗುಂಡಿನ ದಾರಿಯಲ್ಲಿ ಗಾಳಿ

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜಿಸುವರು. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುವುದು. ಅಲ್ಲಿ ಸೋತವನು ತನ್ನ ಕೈಯನ್ನೋ ಕಣ್ಣನ್ನೋ ದೂರಬೇಕಲ್ಲದೆ ಗಾಳಿಯನ್ನು ದೂರುವಂತಿಲ್ಲ. 50 ಮೀಟರು ದೂರದಲ್ಲಿ, ಸೆಕೆಂಡಿಗೆ 4 ಮೀಟರು ವೇಗದ ಅಡ್ಡಗಾಳಿಯು .22 ಕೋವಿಯ ಗುಂಡನ್ನು ಸುಮಾರು 3 ಸೆಂಟಿಮೀಟರಿನಷ್ಟು ಮಾತ್ರವೇ ಸರಿಸುವುದು. ತೆಂಗಿನಕಾಯಿ ಅದಕ್ಕಿಂತ ದೊಡ್ಡದು.

ಇದೇ ಗಾಳಿ 1000 ಗಜ, ಎಂದರೆ 914 ಮೀಟರು ದೂರದ ಗುರಿಯ ಮುಂದೆ ಬೀಸಿದರೆ ಕಥೆಯೇ ಬೇರೆ. 1860ರಲ್ಲಿ ವಿಂಬಲ್ಡನ್ನಿನಲ್ಲಿ ಆರಂಭವಾಗಿ 1890ರಲ್ಲಿ ಬಿಸ್ಲಿಗೆ ಸ್ಥಳಾಂತರಗೊಂಡ ಇಂಗ್ಲೆಂಡಿನ ಪ್ರಸಿದ್ಧ ಪಂದ್ಯಗಳಲ್ಲಿ ಈ ದೂರಕ್ಕೂ ಗುಂಡು ಹೊಡೆಯುವರು. ಗುರಿಹಲಗೆಯ ನಡುವೃತ್ತದ ಅಡ್ಡಳತೆ ಸುಮಾರು 60 ಸೆಂಟಿಮೀಟರು. ಗಾಳಿಯು ಗುಂಡನ್ನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಮಾರು 2 ಮೀಟರು ಪಕ್ಕಕ್ಕೆ ಒಯ್ದಿರುತ್ತದೆ!

ಗಾಳಿಯು ಹೊಳೆಯ ನೀರು ದೋಣಿಯನ್ನು ತೇಲಿಸಿಕೊಂಡು ಹೋಗುವಂತೆ ಗುಂಡನ್ನು ಒಯ್ಯುವುದೆಂದು ಅನೇಕರು ಎಣಿಸುವರು. ಹಾಗಾಗುವುದಾದರೆ, ಗುರಿ ಮುಟ್ಟಲು ಬೇಕಾದ ಒಂದೂವರೆ ಸೆಕೆಂಡಿನಲ್ಲಿ ಗುಂಡು 6 ಮೀಟರು ಸರಿಯಬೇಕಾಗಿತ್ತು. ವಾಸ್ತವವಾಗಿ ಸರಿಯುವುದು ಅದರ ಮೂರನೆಯ ಒಂದು ಪಾಲು ಮಾತ್ರ. ಏಕೆ?

ಕೋವಿಯ ನಳಿಗೆಯೊಳಗಿನ ಸುರುಳಿಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತವೆ. ಹೀಗೆ ತಿರುಗುವ ಗುಂಡು ತನ್ನ ಮೂತಿಯನ್ನು ಎದುರಾಗಿ ಬರುವ ಗಾಳಿಯ ಕಡೆಗೆ ಹಿಡಿಯುವುದು. ಅಡ್ಡಗಾಳಿ ಇದ್ದಾಗ ಆ ಎದುರುಗಾಳಿಯು ನೇರ ಮುಂದಿನಿಂದ ಬರುವುದಿಲ್ಲ, ತುಸು ಓರೆಯಾಗಿ ಬರುತ್ತದೆ. ಆದುದರಿಂದ ಗುಂಡಿನ ಓಟವನ್ನು ತಡೆಯುವ ಬಲವೂ ತುಸು ಓರೆಯಾಗಿ ಎಳೆಯುವುದು. ಆ ಓರೆಯ ಪಾಲೇ ಗುಂಡನ್ನು ಪಕ್ಕಕ್ಕೆ ಸರಿಸುವುದು. ಅಂದರೆ, ಗಾಳಿಯ ತಡೆಯಿಂದ ಗುಂಡು ಎಷ್ಟು ತಡವಾಯಿತೋ ಅಷ್ಟಕ್ಕೆ ಮಾತ್ರ ಪಕ್ಕಚಲನೆ. ಇದನ್ನು 19ನೆಯ ಶತಮಾನದ ಫ್ರೆಂಚ್ ತೋಪುವಿದ್ಯಾ ಪಂಡಿತ ದಿದಿಯೋನನ ಸೂತ್ರವೆನ್ನುವರು. ಸೆಕೆಂಡಿಗೆ 900 ಮೀಟರು ವೇಗದಲ್ಲಿ ಹೊರಟ ಗುಂಡು ನಿರ್ವಾತದಲ್ಲಾದರೆ 1 ಸೆಕೆಂಡಿನಲ್ಲಿ ಗುರಿ ಸೇರುತ್ತಿತ್ತು. ಗಾಳಿಯಲ್ಲಿ ಸುಮಾರು ಒಂದೂವರೆ ಸೆಕೆಂಡು ಹಿಡಿಯಿತು. ತಡವಾದುದು ಅರ್ಧ ಸೆಕೆಂಡು. ಅದನ್ನು 4ರಿಂದ ಗುಣಿಸಿರಿ: 2 ಮೀಟರು.

ಈ ಸೂತ್ರ ತಿಳಿದವನಿಗೆ ಒಂದು ಒಗಟು ಬಿಡುವುದು. .22 ಕೋವಿಗೆ ಶಬ್ದಕ್ಕಿಂತ ವೇಗವಾಗಿ ಹೋಗುವ ಮದ್ದುಗುಂಡೂ ಉಂಟು, ಅದಕ್ಕಿಂತ ನಿಧಾನವಾದುದೂ ಉಂಟು. ವೇಗದ ಗುಂಡನ್ನೇ ಗಾಳಿ ಹೆಚ್ಚಾಗಿ ಸರಿಸುತ್ತದೆ! ಶಬ್ದವೇಗದ ಸಮೀಪದಲ್ಲಿ ಗಾಳಿಯ ತಡೆ ಬಹಳವಾಗಿ ಏರುವುದರಿಂದ ಅದು ಬೇಗ ತಲಪಿದರೂ ‘ತಡವಾದುದು’ ಹೆಚ್ಚು.

ಲೆಕ್ಕವೇನೋ ಸುಲಭ, ಗಾಳಿಯನ್ನು ಅಳೆಯುವುದೇ ಕಷ್ಟ. ಮೇಲಿನ ಗಣಿತದಂತೆ ಗಾಳಿಯ ವೇಗವನ್ನು ಗಂಟೆಗೆ ಕೇವಲ 2 ಕಿಲೋಮೀಟರಿನಷ್ಟು ತಪ್ಪಾಗಿ ಎಣಿಸಿದರೂ ಗುಂಡು 28 ಸೆಂಟಿಮೀಟರು ಸರಿದು ನಡುವೃತ್ತದ ಅಂಚಿಗೆ ಬೀಳುವುದು. ಗಾಳಿ ಬೀಸುವ ಕೋನವನ್ನೂ ನೋಡಬೇಕು. ಗುರಿಯ ರೇಖೆಗೆ 30 ಅಂಶ ಓರೆಯಾಗಿ ಬೀಸಿದರೆ ಅದರ ಪರಿಣಾಮ ಅರ್ಧ. ತ್ರಿಕೋನಮಿತಿ ಓದಿದವರಿಗೆ ಇದು ‘ಸೈನ್’ ಎಂದು ಹೊಳೆದಿರಬೇಕು.

ನಾರಾವಿಯಂಥ ಘಟ್ಟದ ಬುಡದ ಊರಿನಲ್ಲಿ ನಿಂತು ಯೋಚಿಸಿ ನೋಡಿರಿ. ಹಗಲಿನಲ್ಲಿ ಕಡಲ ಕಡೆಯಿಂದ ಗಾಳಿ ಏರಿ ಬರುವುದು, ರಾತ್ರಿ ಬೆಟ್ಟದಿಂದ ತಂಪುಗಾಳಿ ಇಳಿಯುವುದು. ನಡುವೆ ಕಣಿವೆಗಳು ಅದನ್ನು ಬೇಕಾದಂತೆ ತಿರುಗಿಸುವುವು. ಇತ್ತ ತೋಟದ ಅಡಕೆಮರದ ಸೋಗೆ ಅಲುಗದಿರುವಾಗ ಅತ್ತ ಗುಡ್ಡದ ಹುಲ್ಲು ಬಾಗಿರಬಹುದು. ಇಂಥಲ್ಲಿ ಯಾವ ಗಾಳಿಯನ್ನು ನಂಬುವುದು? ಸಾಮಾನ್ಯವಾಗಿ ಹೊಡೆಯುವವನ ಬಳಿಯ ಗಾಳಿಗೇ ಹೆಚ್ಚು ಬೆಲೆ. ಆರಂಭದಲ್ಲೇ ಗುಂಡಿಗೆ ಬಂದ ಓರೆತನ ಉಳಿದ ದಾರಿಯುದ್ದಕ್ಕೂ ಬೆಳೆಯುತ್ತ ಹೋಗುವುದು. ಗುರಿಯ ಬಳಿ ಬಂದುದಕ್ಕೆ ಬೆಳೆಯಲು ಎಡೆಯಿಲ್ಲ.

ಗುರಿಬಯಲಿನ ಉದ್ದಕ್ಕೂ ಬಾವುಟ ನೆಡುವುದು ವಾಡಿಕೆ. ಕಂಬಕ್ಕೂ ಬಾವುಟಕ್ಕೂ ನಡುವಣ ಕೋನವನ್ನು 4ರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂದು ಒಂದು ಒರಟು ಲೆಕ್ಕವುಂಟು. ಆದರೆ ಮಳೆಯಲ್ಲಿ ತೊಯ್ದ ಬಾವುಟ ಸುಳ್ಳು ಹೇಳುವುದು. ನಮ್ಮ ಕರಾವಳಿಯಲ್ಲಂತೂ ಜೂನ್‌ನಿಂದಾಚೆಗೆ ಈ ಲೆಕ್ಕವನ್ನು ನಂಬಲಾಗದು. ಬಿಸಿಲಿರುವಾಗ ಇನ್ನೊಂದು ಉಪಾಯವಿದೆ. ದೂರದರ್ಶಕದ ನೋಟವನ್ನು ಗುರಿಗಿಂತ ಸ್ವಲ್ಪ ಈಚೆಗೆ ಹೊಂದಿಸಿದರೆ ಬಿಸಿಲ್ಗುದುರೆಯು ತೆಳುವಾದ ನೀರಿನ ಹೊನಲಿನಂತೆ ಗಾಳಿಯ ದಿಕ್ಕಿಗೆ ಹರಿಯುವುದು ಕಾಣುತ್ತದೆ. ಅದು ಪಕ್ಕಕ್ಕೆ ಹರಿಯದೆ ಕುದಿಯುವಂತೆ ಮೇಲೇಳುತ್ತಿದ್ದರೆ, ಅಡ್ಡಗಾಳಿ ಇಲ್ಲವೆಂದೋ ಅದು ದಿಕ್ಕು ಬದಲಿಸುವ ಕ್ಷಣದಲ್ಲಿದೆಯೆಂದೋ ತಿಳಿಯಬೇಕು. ಅನುಭವಿಯು ಆ ಕ್ಷಣದಲ್ಲಿ ಕುದುರೆ ಎಳೆಯುವುದಿಲ್ಲ. ಹೊನಲು ಮತ್ತೆ ಮೊದಲಿನ ಕಡೆಗೆ ಹರಿಯತೊಡಗುವವರೆಗೂ ಕಾಯುವನು, ಇಲ್ಲವೆ ನೋಟದಂಡವನ್ನು ಹೊಸ ಗಾಳಿಗೆ ತಕ್ಕಂತೆ ತಿರುಗಿಸಿಕೊಳ್ಳುವನು.