ಕೆರೆಯ ಬಸವನಹುಳುಗಳನ್ನು ಗುರುತಿಸುವ ಕ್ರಮ

ಕೆರೆ, ಕಟ್ಟೆ, ಕಾಲುವೆ ಮತ್ತು ಬತ್ತದ ಗದ್ದೆಗಳಲ್ಲಿರುವ ಬಸವನಹುಳುಗಳೆಲ್ಲವೂ ಮೇಲ್ನೋಟಕ್ಕೆ ಒಂದೇ ಜಾತಿಯವೆಂದು ತೋರುವುದು ಸಹಜ. ವಾಸ್ತವದಲ್ಲಿ ಅವುಗಳಲ್ಲಿ ಅನೇಕ ಜಾತಿಗಳುಂಟು. ಹಲವು ಜಾತಿಗಳಿಂದ ದನಕರುಗಳಿಗೆ ಯಾವ ಬಾಧೆಯೂ ಇಲ್ಲ. ಕೆಲವು ಮಾತ್ರ ಕೆಲವು ಜಂತುಗಳಿಗೆ ಆಶ್ರಯವಾಗಿದ್ದು, ಅವುಗಳ ಮೂಲಕ ದನ, ಎಮ್ಮೆ, ಕುರಿಗಳಿಗೆ ಕಠಿಣವಾದ ರೋಗಗಳು ತಗಲುತ್ತವೆ. ಯಾವ ಹುಳು ಯಾವುದೆಂದು ಬಲ್ಲ ರೈತನಿಗೆ ಅಪಾಯವು ಹುಲ್ಲಿನಲ್ಲಿದೆಯೋ ನೀರಿನಲ್ಲಿದೆಯೋ ಎಂಬುದು ತಿಳಿಯುತ್ತದೆ. ಆದಕಾರಣ ಈ ವಿಂಗಡಣೆಯು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ.

೧. ವಿಂಗಡಣೆಯ ಆಧಾರ

ಸ್ವೀಡನ್ ದೇಶದ ಲಿನೇಯಸನು ೧೭೫೮ರಲ್ಲಿ ಪ್ರಾಣಿಗಳಿಗೆ ಎರಡೆರಡು ಪದಗಳ ಶಾಸ್ತ್ರೀಯ ನಾಮವನ್ನಿಡುವ ಪದ್ಧತಿಯನ್ನು ಬಳಕೆಗೆ ತಂದನು. ಆ ಕಾಲದಲ್ಲಿ ಚಿಪ್ಪಿನ ಆಕಾರವೇ ಮುಖ್ಯ ಆಧಾರವಾಗಿತ್ತು. ತರುವಾಯ ನಾಲಗೆಯ ಮೇಲಿನ ಸೂಕ್ಷ್ಮವಾದ ಹಲ್ಲುಗಳನ್ನೂ ಒಳಗಿನ ಅವಯವಗಳನ್ನೂ ಪರೀಕ್ಷಿಸುವುದು ರೂಢಿಗೆ ಬಂತು. ಭರತಖಂಡದ ಸಿಹಿನೀರಿನ ಚಿಪ್ಪುಪ್ರಾಣಿಗಳನ್ನು ಕುರಿತು ಪ್ರೆಸ್ಟನ್ ಎಂಬವರು ೧೯೧೫ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ೧೯೧೬ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೊದಲ ನಿರ್ದೇಶಕರಾದ ಆನಂಡೇಲರು ಈ ಶೋಧನೆಯನ್ನು ಮುಂದುವರಿಸಿದರು. ಅದೇ ಸಂಸ್ಥೆಯ ಸುಬ್ಬರಾಯರ ಕೈಪಿಡಿಯು ೧೯೮೯ರಲ್ಲಿ ಹೊರಬಂತು.

೨. ರೈತರು ನೋಡತಕ್ಕ ಗುರುತುಗಳು

ಮೊದಲನೆಯದಾಗಿ ಮುಚ್ಚಳವನ್ನು ನೋಡಬೇಕು. ಮುಟ್ಟಿದೊಡನೆ ಹುಳುವು ಒಳಸರಿದು ಬಾಯಿಗೆ ಬಿಲ್ಲೆಯಂಥ ಮುಚ್ಚಳವನ್ನು ಹಾಕಿಕೊಂಡರೆ ಅದು ಮುಚ್ಚಳವುಳ್ಳ ವರ್ಗಕ್ಕೆ ಸೇರಿದುದು. ನಿಂಬೆಹಣ್ಣಿನಂತೆ ಗುಂಡಾಗಿರುವ ದೊಡ್ಡ ಹುಳು ಪೈಲಾ, ಮರಿಗಳನ್ನೇ ಹಡೆಯುವ ಬೆಲ್ಲಾಮಿಯಾ, ದಬ್ಬಣದಂತೆ ನೀಳವಾದ ಮೆಲನಾಯ್ಡಿಸ್ ಇವು ಈ ವರ್ಗದವು. ಮುಂದೆ ಹೇಳುವ ಎರಡು ರೋಗಗಳಿಗೆ ಇವು ಕಾರಣವಲ್ಲ.

ಮುಚ್ಚಳವಿಲ್ಲದಿದ್ದರೆ ಆಕಾರವನ್ನು ನೋಡಬೇಕು. ಚಿಪ್ಪು ಸುರುಳಿ ಸುತ್ತಿದ ಹಗ್ಗದಂತೆ ಚಪ್ಪಟೆಯಾಗಿದ್ದು, ಜಜ್ಜಿದರೆ ಕೆಂಪು ರಸ ಬರುವುದಾದರೆ ಅದು ಇಂಡೋಪ್ಲನಾರ್ಬಿಸ್. ಚಿಪ್ಪು ತೆಳುವಾಗಿ, ತುದಿ ಚೂಪಾಗಿ, ಬಾಯಿ ಅಗಲವಾಗಿದ್ದರೆ ತುದಿಯನ್ನು ಮೇಲಕ್ಕೂ ಬಾಯಿಯನ್ನು ತನ್ನ ಕಡೆಗೂ ಹಿಡಿದು ನೋಡತಕ್ಕದ್ದು. ಬಾಯಿ ಬಲಗಡೆಗಿದ್ದರೆ ಅದು ಲಿಮ್ನಿಯಾ. ಎಡಗಡೆಗಿದ್ದರೆ ಪರದೇಶದಿಂದ ಬಂದು ನೆಲೆಸಿದ ಫೈಸಾ ಎಂಬ ಬೇರೆ ಕುಟುಂಬದ ಹುಳು. ಹುಳುಗಳನ್ನು ಬರಿಗೈಯಿಂದ ಹಿಡಿಯದೆ ಸೌಟಿನಿಂದಲೋ ಇಕ್ಕುಳದಿಂದಲೋ ತೆಗೆಯುವುದು ಕ್ಷೇಮ. ಅವುಗಳಿಂದ ಹೊರಟ ಜಂತುಮರಿಗಳು ಮನುಷ್ಯರ ಚರ್ಮಕ್ಕೂ ತುರಿಕಚ್ಚಿಯನ್ನುಂಟುಮಾಡುವುದುಂಟು.

೩. ಲಿಮ್ನಿಯಾ ಇದ್ದಲ್ಲಿ ಅಪಾಯವು ಹುಲ್ಲಿನಲ್ಲಿ

ದನ ಕುರಿಗಳ ಯಕೃತ್ತಿನಲ್ಲಿ ಎಲೆಯಾಕಾರದ ಚಪ್ಪಟೆ ಹುಳು ಬೆಳೆಯುತ್ತದೆ. ಪಶುವು ಬಡಕಲಾಗುತ್ತದೆ, ಹಾಲು ಇಳಿಯುತ್ತದೆ, ದವಡೆಯ ಕೆಳಗೆ ನೀರಿನ ಬಾವು ಕಾಣುತ್ತದೆ. ಈ ಹುಳುವಿನ ಮೊಟ್ಟೆಗಳು ಸಗಣಿಯೊಡನೆ ನೀರಿಗೆ ಸೇರಿ ಒಡೆಯುತ್ತವೆ. ಹೊರಟ ಮರಿಯು ಸುಮಾರು ಒಂದು ದಿನದೊಳಗಾಗಿ ತಕ್ಕ ಬಸವನಹುಳುವನ್ನು ಹೊಗದಿದ್ದರೆ ಸಾಯುತ್ತದೆ. ಹೊಕ್ಕರೆ ಒಂದೇ ಮರಿಯಿಂದ ನೂರಾರು ಮರಿಗಳಾಗಿ ಹೊರಬಂದು, ನೀರಿನಂಚಿನ ಹುಲ್ಲಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತವೆ. ಆ ಹುಲ್ಲನ್ನು ಮೇದ ಪಶುವಿಗೆ ರೋಗ ತಗಲುತ್ತದೆ. ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲಾಯ್ಕಾರ್ಟ್ ಎಂಬಿಬ್ಬರು ಬೇರೆಬೇರೆಯಾಗಿಯೇ ೧೮೮೧ರಿಂದ ೧೮೮೩ರವರೆಗಿನ ಅವಧಿಯಲ್ಲಿ ಈ ಗುಟ್ಟನ್ನು ಬಯಲಿಗೆ ತಂದರು. ಭರತಖಂಡದಲ್ಲಿ ಕಿವಿಯಂತೆ ಬಾಯಗಲಿಸಿದ ಲಿಮ್ನಿಯಾ ಆರಿಕ್ಯುಲೇರಿಯವೇ ಇದಕ್ಕೆ ಮುಖ್ಯ ಆಶ್ರಯ. ಲಿಮ್ನಿಯಾದ ಒಳಜಾತಿಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಅದು ಕಂಡಲ್ಲೆಲ್ಲಾ ಎಚ್ಚರದಿಂದಿರತಕ್ಕದ್ದು.

ಕೆರೆಯ ನೀರು ಹಿಂಜರಿದ ಬೇಸಗೆಯಲ್ಲಿ ಅಂಗಳದ ಹಸಿರು ಹುಲ್ಲು ದನಗಳನ್ನು ಸೆಳೆಯುತ್ತದೆ. ರೋಗವು ಹೆಚ್ಚಾಗಿ ತಗಲುವ ಸ್ಥಳ ಅದೇ. ಹುಳುವು ಬೆಳೆದು ಮೊಟ್ಟೆಯಿಡಲು ಮೂರು ನಾಲ್ಕು ತಿಂಗಳು ಹಿಡಿಯುವುದರಿಂದ, ಮಳೆಗಾಲದಲ್ಲಿ ಪಶು ಸೊರಗಿದಾಗ ಬೇಸಗೆಯ ಮೇವನ್ನು ಯಾರೂ ನೆನೆಯುವುದಿಲ್ಲ.

೪. ಇಂಡೋಪ್ಲನಾರ್ಬಿಸ್ ಇದ್ದಲ್ಲಿ ಅಪಾಯವು ನೀರಿನಲ್ಲಿಯೂ

ದನಗಳ ಗೊರಕೆ ರೋಗವನ್ನುಂಟುಮಾಡುವ ಜಂತುವನ್ನು ಮದರಾಸಿನ ಅನಂತನಾರಾಯಣರಾಯರು ೧೯೩೩ರಲ್ಲಿ ವರ್ಣಿಸಿದರು. ಇದರ ಮರಿಗಳು ಚಪ್ಪಟೆ ಬಸವನಹುಳುವಿನಿಂದ ಹೊರಟು, ನೀರಿನಲ್ಲಿ ನಿಂತ ಪಶುವಿನ ಚರ್ಮವನ್ನು ತೂರಿ ಒಳಸೇರುತ್ತವೆ. ಮೂಗಿನೊಳಗೆ ಗಂಟುಗಳು ಬೆಳೆದು ದನವು ಗೊರಕೆ ಹೊಡೆಯುತ್ತ ಉಸಿರಿಗೆ ಕಷ್ಟಪಡುತ್ತದೆ. ಎಮ್ಮೆಗಳಲ್ಲಿ ಲಕ್ಷಣಗಳು ಅಷ್ಟಾಗಿ ತೋರುವುದಿಲ್ಲ. ಆದರೂ ಅವುಗಳ ಮೂಗಿನ ಸ್ರಾವದಿಂದ ಜಂತುವಿನ ಮೊಟ್ಟೆಗಳು ಕೆರೆಗೆ ಸೇರಬಹುದು. ಇದೇ ಹುಳುವು ಮೇವಿನ ಮೂಲಕ ತಗಲುವ ಹೊಟ್ಟೆಯ ಜಂತುಗಳಿಗೂ ಆಶ್ರಯವಾಗಿದೆ. ಆದುದರಿಂದ ಇಲ್ಲಿ ಮೇವನ್ನು ಮಾತ್ರ ಕಾಯ್ದರೆ ಸಾಲದು.

೫. ಅನುಸರಿಸತಕ್ಕ ಕ್ರಮಗಳು

(ಅ) ದನಗಳನ್ನು ಕೆರೆಗಿಳಿಸದೆ ಬಾವಿಯ ನೀರನ್ನು ತೊಟ್ಟಿಗೆ ತುಂಬಿ ಕುಡಿಸತಕ್ಕದ್ದು.

(ಆ) ನೀರಿನಂಚಿನ ಹುಲ್ಲನ್ನು ಮೇಯಿಸಬಾರದು. ಕೊಯ್ಯಲೇಬೇಕಾದರೆ ಬುಡವನ್ನು ಬಿಟ್ಟು ಮೇಲ್ಭಾಗವನ್ನು ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಬೇಕು. ಹಸಿಯಾದ ಬತ್ತದ ಹುಲ್ಲಿಗೂ ಇದೇ ಕ್ರಮ.

(ಇ) ಸಗಣಿಯನ್ನು ಕೆರೆಯಿಂದ ದೂರದ ಗುಂಡಿಯಲ್ಲಿ ಕೊಳೆಯಿಸಬೇಕು. ಗೊಬ್ಬರದ ಕಾವಿಗೆ ಜಂತುವಿನ ಮೊಟ್ಟೆಗಳು ಸಾಯುತ್ತವೆ.

(ಈ) ಅನುಕೂಲವಿದ್ದಲ್ಲಿ ಬಾತುಕೋಳಿಗಳನ್ನು ಬಿಡಬಹುದು. ಅವು ಬಸವನಹುಳುಗಳನ್ನು ತಿನ್ನುತ್ತವೆ. ಮೈಲುತುತ್ತವು ಹುಳುಗಳನ್ನು ಕೊಲ್ಲುವುದಾದರೂ ಮೀನುಗಳನ್ನೂ ಕೊಲ್ಲುವುದರಿಂದ ಅದನ್ನು ಕೆರೆಗೆ ಹಾಕಕೂಡದು.

(ಉ) ಸೊರಗಿದ ಪಶುವಿನ ಸಗಣಿಯನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರು ಹೇಳಿದ ಔಷಧವನ್ನೇ ಕೊಡತಕ್ಕದ್ದು.

ಒಬ್ಬ ರೈತನು ಮಾತ್ರ ಈ ಕ್ರಮಗಳನ್ನು ಅನುಸರಿಸಿ ಉಳಿದವರು ಬಿಟ್ಟರೆ ಫಲವು ಅಲ್ಪ. ಏಕೆಂದರೆ ಕೆರೆಯು ಊರಿಗೆಲ್ಲಾ ಒಂದೇ. ಗ್ರಾಮದ ಮುಖಂಡರು ಬೇಸಗೆಗೆ ಮೊದಲೇ ಕೆರೆಯ ಅಂಚಿನ ಹುಳುಗಳನ್ನು ತೆಗೆಯಿಸಿ ನೋಡಿ, ಯಾವ ಜಾತಿಯವು ಇವೆಯೆಂಬುದನ್ನು ಊರಿನವರಿಗೆ ತಿಳಿಸಿ, ತೊಟ್ಟಿಯನ್ನು ಕಟ್ಟಿಸಲು ಮುಂದಾದರೆ ಊರಿನ ದನಕರುಗಳಿಗೆ ಮಹದುಪಕಾರವಾಗುವುದು.