ಕೆಂಪು ನೀರು ತುಂಬೆಗೆ ಬಂದಾಗ

ಪ್ರಶ್ನೆ: ಮಳೆಗಾಲದಲ್ಲಿ ನೇತ್ರಾವತಿ ಹೊತ್ತು ತರುವ ಕೆಂಪು ಮಣ್ಣು ತುಂಬೆ ಅಣೆಕಟ್ಟಿನಲ್ಲಿ ಏನಾಗುತ್ತದೆ? ಅದನ್ನು ಅಳೆಯುವುದು ಹೇಗೆ?

ನೀರುದೋಸೆ ಹೊಯ್ಯುವವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಪ್ರತಿ ದೋಸೆಗೂ ಮುನ್ನ ಸೌಟಿನಿಂದ ಕಲಕದಿದ್ದರೆ ಹಿಟ್ಟು ತಳ ಸೇರುತ್ತದೆ, ಮೇಲೆ ಬರೀ ನೀರು ಉಳಿಯುತ್ತದೆ. ಹೊಳೆಗೆ ಅದರ ರಭಸವೇ ಸೌಟು.

2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಸೀಮೆಯಲ್ಲಿ ಗುಡ್ಡ ಕುಸಿದಾಗ ಮೃತ್ಯುಂಜಯ ಹೊಳೆ ಮರದ ದಿಮ್ಮಿ, ಬಂಡೆ, ಮರಳನ್ನೆಲ್ಲ ತಂದು ತೋಟಗಳಿಗೆ ಸುರಿಯಿತು. ಇಳಿಜಾರು ಮುಗಿದು ವೇಗ ತಗ್ಗಿದೊಡನೆ ಬಂಡೆ ಮೊದಲು ನಿಲ್ಲುತ್ತದೆ, ಆಮೇಲೆ ಮರಳು. ನುಣುಪಾದ ಜೇಡಿ ಮಾತ್ರ ನೇತ್ರಾವತಿ ಸೇರಿ ಬಂಟ್ವಾಳ ದಾಟಿ ತುಂಬೆಯವರೆಗೂ ತೇಲುತ್ತದೆ. ಅದರ ಬಣ್ಣ ಮುರಕಲ್ಲಿನ ಕಬ್ಬಿಣದ್ದು.

ಮಳೆಗಾಲದಲ್ಲಿ ತುಂಬೆಯ ಗೇಟುಗಳು ತೆರೆದಿರುವುದರಿಂದ ಬಹುಪಾಲು ಕೆಸರು ಅರಬ್ಬಿ ಸಮುದ್ರ ಸೇರುತ್ತದೆ. ಉಳಿದದ್ದು ತಳದಲ್ಲಿ ಕೂರುತ್ತದೆ. ಅಷ್ಟರಮಟ್ಟಿಗೆ ಬೇಸಗೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗೆ ಜಾಗ ಕಡಿಮೆ. ಮೂಡುಬಿದಿರೆಯ ಕೆರೆಗಳಿಗೆ ಗೇಟಿನ ಈ ಸೌಕರ್ಯವೂ ಇಲ್ಲ. ಚರಂಡಿ ತಂದ ಮಣ್ಣು ಅಲ್ಲೇ ಕೂತು, ಹೂಳೆತ್ತುವ ದಿನ ಕಾಯುತ್ತದೆ.

ಅಳತೆ ಕಷ್ಟದ್ದಲ್ಲ. ಒಂದು ಲೀಟರ್ ನೀರನ್ನು ಸೋಸಿ, ಸೋಸುಕಾಗದವನ್ನು ಒಣಗಿಸಿ ತೂಗಿ, ಬರೀ ಕಾಗದದ ತೂಕ ಕಳೆದರೆ ಎಷ್ಟು ಮಿಲಿಗ್ರಾಂ ಮಣ್ಣಿತ್ತೆಂದು ತಿಳಿಯುತ್ತದೆ. ಕದಡುವಿಕೆ ಅಳೆಯುವ ಯಂತ್ರ ನೀರಿಗೆ ಬೆಳಕು ಹಾಯಿಸಿ, ಕಣಗಳಿಗೆ ತಾಗಿ ಎಷ್ಟು ಚೆದುರಿತೆಂದು ನೋಡುತ್ತದೆ. ಫಲಿತಾಂಶ ಎನ್‌ಟಿಯು ಎಂಬ ಮಾನದಲ್ಲಿ. ಕುಡಿಯುವ ನೀರಿನಲ್ಲಿ 1 ಇದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಸಹ್ಯ ಎನ್ನುತ್ತದೆ ಭಾರತೀಯ ಮಾನದಂಡ.

ಯಂತ್ರವಿಲ್ಲದ ಊರಿಗೆ ಸೆಕ್ಕಿ ತಟ್ಟೆಯಿದೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕಿಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ಗುರುತು ಹಾಕಿದ. ಕೆರೆಗಳಲ್ಲಿ ಇಂದು ಬಳಸುವ ತಟ್ಟೆಗೆ ಸಾಮಾನ್ಯವಾಗಿ ಕಪ್ಪು-ಬಿಳುಪು ಬಣ್ಣ, ಉಪಾಯ ಮಾತ್ರ ಅದೇ.