ಬಿಟ್‌ಕಾಯಿನ್ ಮತ್ತು ಕೀಲಿಯ ಕಾವಲು

ತಡವಳದಲ್ಲಿ ಕಲಿತು ಸೊಲ್ಲಾಪುರ, ಪುಣೆಗಳಲ್ಲಿ ದುಡಿಯುವ ನನ್ನ ಶಿಷ್ಯರು ಊರಿಗೆ ಬಂದಾಗ ಬಿಟ್‌ಕಾಯಿನ್ ಕುರಿತು ಕೇಳುವುದುಂಟು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರಿಗಾಗಿ ನಾಲ್ಕು ಮಾತು.

ಈ ಹಣಕ್ಕೆ ನೋಟಿಲ್ಲ, ನಾಣ್ಯವಿಲ್ಲ. ಗುಪ್ತ ಕೀಲಿಯೇ ಅದರ ಒಡೆತನ. ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಶಬ್ದಗಳ ಸಾಲೊಂದು ಆ ಕೀಲಿಯ ಮೂಲ. ಆ ಸಾಲನ್ನು ಅರಿತವನೇ ಧನಿ. ಒಮ್ಮೆ ಕೈಬಿಟ್ಟು ಹೋದ ಹಣವನ್ನು ಹಿಂದಿರುಗಿಸಬಲ್ಲ ಬ್ಯಾಂಕು ಇಲ್ಲಿಲ್ಲ. ಆದುದರಿಂದ ಅದನ್ನು ಕಾಗದದಲ್ಲಿ ಬರೆದು ಭದ್ರವಾಗಿಡಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಡಲಾಗದು. ಯಾರು ಕೇಳಿದರೂ ಹೇಳಲಾಗದು. ಕೀಲಿಯನ್ನು ವಿನಿಮಯ ಸಂಸ್ಥೆಗೇ ಒಪ್ಪಿಸಿದರೂ ಅಪಾಯ ತಪ್ಪದು. 2024ರ ಜುಲೈಯಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಸಂಪತ್ತು ಕಳವಾಗಿ, ಗ್ರಾಹಕರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು.

ಕಳ್ಳನಿಗಿಂತಲೂ ಆಮಿಷವೊಡ್ಡುವವನು ಹೆಚ್ಚು ಅಪಾಯಕಾರಿ. ಪುಣೆಯ ಪೊಲೀಸರು 2018ರಲ್ಲಿ ಆರೋಪಿಗಳನ್ನು ಬಂಧಿಸಿದ ಗೇನ್‌ಬಿಟ್‌ಕಾಯಿನ್ ಯೋಜನೆಯು ತಿಂಗಳಿಗೆ ನೂರಕ್ಕೆ ಹತ್ತರಂತೆ 18 ತಿಂಗಳು ಕೊಡುವುದಾಗಿ ನಂಬಿಸಿತ್ತು. ಲೆಕ್ಕ ಹಾಕಿರಿ: ನೂರಕ್ಕೆ ನೂರಾ ಎಂಬತ್ತು! ನಮ್ಮ ಯಾವ ಜೋಳದ ಹೊಲ, ಯಾವ ಕಬ್ಬಿನ ಗದ್ದೆ ಅಷ್ಟು ಕೊಟ್ಟೀತು? ಇಂಥ ಮಾತು ಕೇಳಿದೊಡನೆ ದೂರ ಸರಿಯಿರಿ. ಅಪ್ಪ ಹೊಲ ಮಾರಿ ಕೊಟ್ಟ ಹಣವನ್ನಂತೂ ಇದರಲ್ಲಿ ತೊಡಗಿಸಲೇಬೇಡಿರಿ.

ಮೋಸವಾಯಿತೆಂದು ತಿಳಿದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಸಂಖ್ಯೆಗೆ ದೂರವಾಣಿ ಮಾಡಿ ದೂರು ಕೊಡಬೇಕೆಂದು ಶಿಷ್ಯವರ್ಗಕ್ಕೆ ನನ್ನ ಕಳಕಳಿಯ ಸೂಚನೆ.